ಬಸುರಿ ಗೋಡೆ

ಶಿಡ್ಲಘಟ್ಟ ಬಿಟ್ಟು ಚಿಂತಾಮಣಿ ರಸ್ತೆ ಹಿಡಿದರೆ, ಊರಿನ ಸದ್ದು ಹಿಂದೆ ಬೀಳುವ ಹೊತ್ತಿಗೆ ಎಡಗಡೆ ಒಂದು ಹಿಪ್ಪುನೇರಳೆ ತೋಟ ಸಿಗುತ್ತದೆ. ಆ ತೋಟಕ್ಕೆ ಮುಖ ಮಾಡಿ ಒಂದು ಮಣ್ಣಿನ ಗೋಡೆ ನಿಂತಿದೆ. ಕ್ರೈಸ್ತರ ಸಮಾಧಿ ತೋಟದ ಗೋಡೆ ಅದು. ದಾರ ಹಿಡಿದು ಎಳೆದ ಹಾಗೆ ನೆಟ್ಟಗೆ ಬರುತ್ತಾ ಬರುತ್ತಾ, ಒಂದು ಕಡೆ ಇದ್ದಕ್ಕಿದ್ದ ಹಾಗೆ ಹೊಟ್ಟೆ ಮುಂದೆ ಮಾಡುತ್ತದೆ. ಆಮೇಲೆ ಏನೂ ಆಗಿಲ್ಲವೆಂಬಂತೆ ಮತ್ತೆ ನೆಟ್ಟಗೆ ನಡೆಯುತ್ತದೆ. ಹೊಸಬರು ನೋಡಿ, ಮಳೆಗೆ ನೆನೆದು ಉಬ್ಬಿರಬೇಕು ಅನ್ನುತ್ತಾರೆ. ಮಳೆಗೆ ನೆನೆದ ಗೋಡೆ ಬೀಳುತ್ತದೆಯೇ ಹೊರತು ಬಸುರಾಗುವುದಿಲ್ಲ ಸ್ವಾಮಿ. ಆ ಹೊಟ್ಟೆಯನ್ನು ಕಟ್ಟಿದ್ದು ಒಬ್ಬ ಹೆಂಗಸು. ಅವಳ ಕತೆ ಇದು.

ಎಸ್ತೇರಮ್ಮ ಲಾಲ್ ಬಾಷಾ ಸಾಹೇಬರ ನೂಲು ಬಿಚ್ಚುವ ಮನೆಯಲ್ಲಿ ಕೆಲಸಕ್ಕಿದ್ದಳು. ಬಿಸಿನೀರಿನಲ್ಲಿ ಕುಣಿಯುವ ರೇಷ್ಮೆಗೂಡಿನಿಂದ ಎಳೆಯ ತುದಿ ಹುಡುಕಿ ಚರಕಕ್ಕೆ ಕೊಟ್ಟೂ ಕೊಟ್ಟೂ ಅವಳ ಬೆರಳ ತುದಿಗಳು ಬೆಂದ ಬದನೆಕಾಯಿಯ ಹಾಗೆ ಸುಕ್ಕುಗಟ್ಟಿದ್ದವು. ಮಾತು ಮಾತ್ರ ಸುಕ್ಕುಗಟ್ಟಿರಲಿಲ್ಲ. ಗಂಡಸರ ಎತ್ತರದ ಹೆಂಗಸು. ನಕ್ಕರೆ ತಲೆ ಹಿಂದಕ್ಕೆ ಎಸೆದು ನಗುವಳು, ಬೈದರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬೈಯುವಳು. ಎಲೆ ಅಡಿಕೆ ಹೊಗೆಸೊಪ್ಪು ಇಲ್ಲದೆ ಅವಳಿಗೆ ಹೊತ್ತು ಹುಟ್ಟದು. ಈಸ್ಟರ್‌ಗೆ ಮುಂಚಿನ ಶ್ರಮೆಗಳ ಕಾಲದಲ್ಲಿ ಕೇರಿಯವರು ತಮಗೆ ಇಷ್ಟವಾದದ್ದನ್ನು ಬಿಡುತ್ತಿದ್ದರು. ಯಾರೋ ಮಾಂಸ ಬಿಟ್ಟರೆ ಯಾರೋ ಬೀಡಿ. ಎಸ್ತೇರಮ್ಮ ಬಿಡುತ್ತಿದ್ದದ್ದು ಎಲೆ ಅಡಿಕೆ. ಆ ಕಾಲದ ಮೊದಲ ದಿನವಾದ ಬೂದಿ ಬುಧವಾರ ಬಾಯಿ ಮುಕ್ಕಳಿಸಿದಳೆಂದರೆ ಈಸ್ಟರ್ ಬೆಳಗಾಗುವ ತನಕ ಅವಳ ಎದುರಿಗೆ ನಿಲ್ಲುವ ಧೈರ್ಯ ಯಾರಿಗೂ ಇರಲಿಲ್ಲ.

“ಉಪವಾಸ ಅವಳು ಮಾಡ್ತಾಳೆ, ಶ್ರಮೆ ನಾವು ಪಡ್ತೀವಿ,” ಎಂದು ಅವಳ ಗಂಡನೇ ನಗುತ್ತಿದ್ದ.

ಗಂಡನ ಹೆಸರು ಗಿದ್ಯೋನ. ಹೆಸರನ್ನು ನಾವೇ ಹೇಳಬೇಕು, ಅವಳು ಹೇಳುವವಳಲ್ಲ. ಯೇಸುವನ್ನು ನಂಬಿ ಎರಡು ತಲೆಮಾರಾಗಿದ್ದರೂ, ಗಂಡನ ಹೆಸರನ್ನು ಬಾಯಿಗೆ ತರಬಾರದೆಂಬ ರೂಢಿ ನಮ್ಮ ಹೆಂಗಸರನ್ನು ಬಿಟ್ಟಿರಲಿಲ್ಲ. “ಆಯಪ್ಪ” ಅನ್ನುವಳು, “ನಮ್ಮನೆಯವ್ರು” ಅನ್ನುವಳು. ಆರಾಧನೆಯಲ್ಲಿ ಸತ್ಯವೇದದ ಗಿದ್ಯೋನನ ಕತೆ ಓದುವ ಸರದಿ ಬಂದರೆ, “ಆ ಮುನ್ನೂರು ಜನರ ದಂಡು ಕಟ್ಟಿದೋನು” ಎಂದು ದಾಟಿಸಿಬಿಡುವಳು.

ಗಿದ್ಯೋನ ಮಣ್ಣಿನ ಗೋಡೆ ಹಾಕುವವನು. ಅವನ ಜೊತೆಗಾರ ಮುನಿಗಂಗಪ್ಪ, ಊರೊಳಗಿನ ಒಕ್ಕಲು ಮನೆಯವನು. ಮಣ್ಣು, ನೀರು ತರುವ ಗಾಡಿ ಮುನಿಗಂಗಪ್ಪನದು. ಕಲಸಿ, ತುಳಿದು, ಗೋಡೆ ಎಬ್ಬಿಸುವುದು ಗಿದ್ಯೋನನದು. ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು. ಕಲಿಸಿದವನು ಮುನಿಗಂಗಪ್ಪನ ಅಪ್ಪ.

ಆ ಮುದುಕ ತೀರಿಕೊಂಡ ದಿನ ಗಿದ್ಯೋನ ಅಟ್ಟದ ಮೇಲಿಂದ ತಮಟೆ ಇಳಿಸಿದ. ಅವನ ತಾತ ದೀಕ್ಷಾಸ್ನಾನ ತೆಗೆದುಕೊಂಡ ದಿನ ಮೇಲೆ ಸೇರಿದ್ದು, ಇಲಿ ಕಡಿಯದೆ ಉಳಿದದ್ದೇ ಹೆಚ್ಚು. ಹುಲ್ಲಿನ ಉರಿಯಲ್ಲಿ ಅದನ್ನು ಕಾಯಿಸಿಕೊಂಡು, ಹೆಗಲಿಗೆ ಹಾಕಿಕೊಂಡು ಹೋಗಿ, ಮುದುಕನನ್ನು ಮಣ್ಣು ಮಾಡುವ ತನಕ ಬಡಿದ. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಕೈ ತಾಳ ತಪ್ಪಲಿಲ್ಲವಂತೆ.

ಮುಂದಿನ ಭಾನುವಾರ ನಮ್ಮ ಕ್ರೈಸ್ತ ಸಭೆ ಕೂತಿತು. ಸಭೆಯ ಹಿರಿಯರು ಯೆಶಾಯಪ್ಪ ಮೇಷ್ಟ್ರು. ಕೇರಿಯ ಅರ್ಧ ಜನಕ್ಕೆ, ಎಸ್ತೇರಮ್ಮನಿಗೂ ಸೇರಿ, ಅಕ್ಷರ ಕಲಿಸಿದವರು. ಅಯ್ಯನವರು, ಅಂದರೆ ಪಾದ್ರಿಗಳು, ಚಿಕ್ಕಬಳ್ಳಾಪುರದಲ್ಲಿದ್ದು ಅಪರೂಪಕ್ಕೆ ಬಸ್ಸಿಳಿಯುತ್ತಿದ್ದರು. ಉಳಿದ ದಿನಗಳಲ್ಲಿ ಮೇಷ್ಟ್ರ ಮಾತೇ ಮಾತು.

“ನಮ್ಮ ತಾತಂದಿರು ಆ ತಮಟೇನ ಯಾಕೆ ಕೆಳಗಿಟ್ರು ಗೊತ್ತೇನಪ್ಪಾ?” ಎಂದರು ಮೇಷ್ಟ್ರು. “ಬಡಿಯೋಕೆ ಬರದೆ ಅಲ್ಲ. ಊರಲ್ಲಿ ಹೆಣ ಬಿದ್ರೆ ಸಾಕು, ‘ಲೇ, ಬಾರೋ’ ಅನ್ನೋರು. ಆ ‘ಲೇ’ ಅನ್ನಿಸ್ಕೋಬಾರದು ಅಂತ ಕೆಳಗಿಟ್ರು. ನೀನು ಮತ್ತೆ ಎತ್ತಿದೆ. ನಾಳೆ ನನ್ನ ಮೊಮ್ಮಗನ್ನ ಕರೀತಾರೆ.”

“ನನ್ನ ಯಾರೂ ಕರೀಲಿಲ್ಲ ಮೇಷ್ಟ್ರೇ. ನಾನೇ ಹೋದೆ,” ಎಂದ ಗಿದ್ಯೋನ.

“ಇರಲಿ. ಸಭೆ ಮುಂದೆ ತಪ್ಪಾಯ್ತು ಅಂದುಬಿಡು. ಇಲ್ಲಿಗೆ ಮುಗೀಲಿ.”

“ಏನಂತ ಅನ್ಲಿ? ಅಪ್ಪನಂಥೋನು ಸತ್ತಾಗ ಅಳಬಾರದಾಗಿತ್ತು ಅಂತಲಾ?”

ಹೆಂಗಸರ ಸಾಲಿನಿಂದ ಎಸ್ತೇರಮ್ಮ ಎದ್ದು ನಿಂತಳು. “ಕರೆದಾಗ ಹೋಗೋದು ಜೀತ, ಕರೀದೆ ಹೋಗೋದು ಸ್ನೇಹ. ಎರಡಕ್ಕೂ ಒಂದೇ ಶಿಕ್ಷೆನಾ ಮೇಷ್ಟ್ರೇ?”

ಒಂದೇ ಶಿಕ್ಷೆಯಾಯಿತು. ತಪ್ಪೊಪ್ಪಿಕೊಳ್ಳುವ ತನಕ ಗಿದ್ಯೋನ ಸಭೆಯಿಂದ ಹೊರಗೆ ಎಂದು ತೀರ್ಮಾನವಾಯಿತು. ಮೇಷ್ಟ್ರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಅವರ ಭಯ ಸುಳ್ಳಿನ ಭಯವಲ್ಲ. ಏಟು ತಿಂದ ಅವರ ಬೆನ್ನು ಬಲ್ಲ ಭಯ. ಆದರೆ ಗಿದ್ಯೋನನೂ ಒಪ್ಪಿಕೊಳ್ಳಲಿಲ್ಲ. ದೀಪಾವಳಿ ಹೊತ್ತಿನ ಜಡಿಮಳೆಯಲ್ಲಿ ಅವನಿಗೆ ಜ್ವರ ಬಂತು. ಬಂದ ಜ್ವರ ಅವನನ್ನು ಕರೆದುಕೊಂಡೇ ಹೋಯಿತು. ಸಾಯುವಾಗಲೂ ಅವನು ಸಭೆಯ ಹೊರಗೇ ಇದ್ದ.

ಹೊರಗಿನವನಿಗೆ ಸಮಾಧಿ ತೋಟದ ಗೋಡೆಯೊಳಗೆ ಜಾಗವಿಲ್ಲ ಎಂದರು ಮೇಷ್ಟ್ರು. ಹೆಣ ಮನೆಯಲ್ಲಿ, ಮಳೆ ಬಾಗಿಲಲ್ಲಿ. ಆಗ ಲಾಲ್ ಬಾಷಾ ಕೊಡೆ ಹಿಡಿದು ಬಂದರು. ಗೋಡೆಯಾಚೆಯ ಹಿಪ್ಪುನೇರಳೆ ತೋಟ ಅವರದು.

“ನನ್ನ ತೋಟದಲ್ಲಿ ಇಟ್ಕೊ ಅಮ್ಮಾ. ಆ ಮೂಲೇಲಿ ಹೊಂಗೆ ಮರ ಇದೆ, ನೆರಳಿರುತ್ತೆ.”

“ನೆರಳು ಬೇಡ ಸಾಬ್ರೇ. ಇಲ್ಲಿ ಕೊಡಿ,” ಎಂದು, ಅವರ ಹಿಂದೆ ತೋಟಕ್ಕೆ ಬಂದ ಎಸ್ತೇರಮ್ಮ ಗೋಡೆಯ ಬುಡವನ್ನು ತೋರಿಸಿದಳು. “ಗೋಡೆಗೆ ಅಂಟಿದ ಹಾಗೆ.”

ದುಃಖದಲ್ಲಿ ಏನೋ ಅನ್ನುತ್ತಾಳೆ ಎಂದುಕೊಂಡರು ಜನ. ಅವಳು ಆಗಲೇ ಕಣ್ಣಲ್ಲಿ ಅಳತೆ ಹಾಕಿದ್ದಳು.

ಆ ಗೋಡೆಯ ವಿಷಯ ಈಗ ಹೇಳಬೇಕು. ಯೆರೂಸಲೇಮಿನ ಬಿದ್ದ ಗೋಡೆಯನ್ನು ನೆಹೆಮೀಯ ಎಂಬುವನು ಮನೆಗಿಷ್ಟು ಎಂದು ಪಾಲು ಹಂಚಿ ಕಟ್ಟಿಸಿದನೆಂದು ಸತ್ಯವೇದದಲ್ಲಿದೆ. ಹಿಂದಿನ ಯಾವುದೋ ಕಾಲದ ಅಯ್ಯನವರು ಅದನ್ನು ಓದಿ, ನಮ್ಮ ಸಮಾಧಿ ತೋಟದ ಗೋಡೆಯನ್ನೂ ಹಾಗೇ ಹಂಚಿದ್ದರು. ಒಂದೊಂದು ಮನೆಗೂ ಒಂದೊಂದು ಪಾಲು. ಮಳೆಗಾಲ ಕರಗಿಸಿದ್ದನ್ನು ಶ್ರಮೆಗಳ ಕಾಲದಲ್ಲಿ ಮನೆಯವರೇ ಸರಿಮಾಡಬೇಕು. ಕೂಲಿ ಇಟ್ಟು ಮಾಡಿಸುವಂತಿಲ್ಲ. ಮಣ್ಣು ನೀರನ್ನು ಯಾರು ತಂದು ಸುರಿದರೂ ಸರಿ, ಗೋಡೆಗೆ ಬೀಳುವ ಕೈ ಆ ಮನೆಯದೇ ಆಗಿರಬೇಕು. ಒಬ್ಬರ ಪಾಲಿಗೆ ಇನ್ನೊಬ್ಬರು ಕೈ ಹಾಕುವಂತಿಲ್ಲ.

ಈಸ್ಟರ್ ದಿನ ನಸುಕಿನಲ್ಲಿ ದೀಪ ಹಿಡಿದು ಎಲ್ಲರೂ ಆ ಗೋಡೆಯೊಳಗೆ ಸೇರುವರು. ಮನೆಯ ಹಿರಿಯರು ತಮ್ಮವರ ಸಮಾಧಿಯ ಹತ್ತಿರ ನಿಂತು ಸತ್ತವರ ಹೆಸರನ್ನು ಕೂಗುವರು. ಉಳಿದವರೆಲ್ಲ ಒಂದೇ ದನಿಯಲ್ಲಿ, “ಏಳ್ತಾನೆ!” ಅನ್ನುವರು, ಹೆಂಗಸಾದರೆ “ಏಳ್ತಾಳೆ!” ಕರ್ತನು ಎದ್ದ ದಿನ ನಮ್ಮವರೂ ಏಳುತ್ತಾರೆ ಎಂದು ಕೂಗಿ ಹೇಳುವ ಪದ್ಧತಿ. ಗೋಡೆಯೊಳಗೆ ಮಲಗಿದವರ ಹೆಸರು ಮಾತ್ರ. ಎಸ್ತೇರಮ್ಮನಿಗೆ ಬೇಕಾದದ್ದು ಇದೊಂದೇ: ಈಸ್ಟರ್ ಬೆಳಗ್ಗೆ ಗಂಡನ ಹೆಸರು ಎಲ್ಲರ ಹೆಸರಿನ ಜೊತೆ ಕೂಗಿಸಿಕೊಳ್ಳಬೇಕು, ಎಲ್ಲರ ಬಾಯಿಂದ ಉತ್ತರ ಬರಬೇಕು.

ಅದು ಐವತ್ತೊಂಬತ್ತನೇ ಇಸವಿ. ಬೂದಿ ಬುಧವಾರ ಅವಳು ಬಾಯಿ ಮುಕ್ಕಳಿಸಿದಳು, ಸೆರಗು ಸಿಕ್ಕಿಸಿದಳು, ಹಾರೆ ಎತ್ತಿಕೊಂಡು ಹೋಗಿ, ಗಂಡ ಮಲಗಿದ್ದ ಕಡೆಯೇ ಇದ್ದ ತನ್ನ ಪಾಲಿನ ಗೋಡೆಯನ್ನು ಬುಡದ ತನಕ ಕೆಡವಿದಳು. ಆಮೇಲೆ ತಳದ ಕಲ್ಲುಗಳನ್ನು ಒಂದೊಂದಾಗಿ ಮೀಟಿ, ಗಂಡನ ಸಮಾಧಿಯನ್ನು ಸುತ್ತಿಕೊಂಡು ಬರುವ ಹಾಗೆ, ಬಿಲ್ಲಿನಂತೆ ಹೊರಕ್ಕೆ ಬಾಗಿಸಿ ಜೋಡಿಸಿದಳು.

ಮುನಿಗಂಗಪ್ಪ ಗಾಡಿಯಲ್ಲಿ ಕೆರೆಮಣ್ಣು ತಂದು ಸುರಿದ. ತೆಲುಗು ಮಾತಿನ ಮನೆಯವನಾದ್ದರಿಂದ ಅತ್ತಿಗೆ ಅನ್ನುವ ಬದಲು ಅವಳನ್ನು “ವದಿನಾ” ಅನ್ನುತ್ತಿದ್ದ.

“ವದಿನಾ, ನಾನೂ ಇಳಿದು ತುಳೀಲಾ? ಒಬ್ಬಳೇ ಎಷ್ಟೂಂತ ತುಳೀತೀಯಾ?”

“ನೀನು ಕಾಲಿಟ್ರೆ ಅದೇ ನೆಪ ಸಿಗುತ್ತೆ ಅವ್ರಿಗೆ. ನೀರು ಸುರಿ, ಅತ್ತ ಹೋಗಿ ಕೂತ್ಕೋ. ಅಳಬೇಡ, ಮಣ್ಣು ತೆಳ್ಳಗಾಗುತ್ತೆ.”

ರಾಗಿ ಹುಲ್ಲು ಸೇರಿಸಿ ತುಳಿದ ಮಣ್ಣನ್ನು ಮುದ್ದೆ ಮಾಡಿ ಒಂದು ವರಸೆ ಇಡಬೇಕು. ಅದು ಒಣಗಿ ಗಟ್ಟಿಯಾದ ಮೇಲೇ ಇನ್ನೊಂದು ವರಸೆ. ಆತುರ ಮಾಡಿದರೆ ಕೆಳಗಿನದು ಕುಸಿಯುತ್ತದೆ. ಹಾಗಾಗಿ ಮಣ್ಣಿನ ಗೋಡೆಯನ್ನು ಕದ್ದು ಕಟ್ಟುವುದಕ್ಕಾಗುವುದಿಲ್ಲ. ಹಗಲೆಲ್ಲ ಬಿಸಿನೀರಲ್ಲಿ ಕೈ, ಸಂಜೆ ತಣ್ಣನೆ ಮಣ್ಣಲ್ಲಿ ಕಾಲು. ಎಲ್ಲರ ಕಣ್ಣೆದುರಿಗೇ ಹೊಟ್ಟೆ ಬೆಳೆಯತೊಡಗಿತು. ‘ಬಸುರಿ ಗೋಡೆ’ ಎಂದು ಯಾರೋ ಆಡಿದ್ದು ಆಗಲೇ.

ಮೇಷ್ಟ್ರು ಕೊಡೆ ಊರಿಕೊಂಡು ಬಂದು ನಿಂತರು.

“ಏನಮ್ಮಾ ಇದು?”

“ಗೋಡೆ, ಮೇಷ್ಟ್ರೇ.”

“ಗೋಡೆ ನೆಟ್ಟಗಿರಬೇಕು.”

“ನೆಟ್ಟಗಿರಬೇಕು ಅಂತ ನೆಹೆಮೀಯನೂ ಹೇಳಿಲ್ಲ, ನೀವೂ ಪಾಠ ಮಾಡಿಲ್ಲ. ನನ್ನ ಪಾಲು ಎಲ್ಲಿಂದ ಎಲ್ಲೀ ತನಕ? ಈ ಕಲ್ಲಿಂದ ಆ ಕಲ್ಲಿನ ತನಕ. ಶುರುವಾಗೋದು ಅಲ್ಲೇ, ಮುಗಿಯೋದೂ ಅಲ್ಲೇ. ನಡುವೆ ಹೇಗೆ ಹೋಗ್ತೀನಿ ಅನ್ನೋದು ನನ್ನ ಕಾಲಿನ ಇಷ್ಟ.”

“ಗಿದ್ಯೋನ ಹೊರಗಿನೋನು ಕಣಮ್ಮಾ. ತಪ್ಪೊಪ್ಪಿಕೊಳ್ಳಲಿಲ್ಲ.”

“ಯೇಸುಸ್ವಾಮೀನ ಊರೊಳಗೆ ಶಿಲುಬೆಗೆ ಹಾಕಿದ್ರಾ, ಹೊರಗಾ?”

ಮೇಷ್ಟ್ರು ಕೊಡೆಯ ತುದಿಯಿಂದ ಮಣ್ಣು ಕೆದಕಿದರು.

“ಊರ ಬಾಗಿಲಾಚೆ. ನೀವೇ ಓದಿಸಿದ್ದು. ನಿಮ್ಮ ಲೆಕ್ಕದಲ್ಲಿ ಅವ್ರೂ ಹೊರಗಿನೋರೇ.”

“ನಿನಗೆ ಅಕ್ಷರ ಕಲಿಸಿದ್ದು ನಾನು!”

“ಅದಕ್ಕೇ ನಿಮ್ಮ ಮೇಲೆ ಇನ್ನೂ ಮಣ್ಣು ಎರಚಿಲ್ಲ. ದಾರಿ ಬಿಡಿ, ಎಲೆ ಅಡಿಕೆ ಇಲ್ದೆ ತಲೆ ಸಿಡೀತಿದೆ.”

ಮೇಷ್ಟ್ರು ಅಲ್ಲಿಂದ ಸೀದಾ ಲಾಲ್ ಬಾಷಾ ಮನೆಗೆ ಹೋದರು. ಅಷ್ಟು ಹೊತ್ತಿಗೆ ರಂಜಾನ್ ಶುರುವಾಗಿತ್ತು. ಸಾಹೇಬರು ಉಪವಾಸದಲ್ಲಿ ಒಣಗಿದ ತುಟಿ ನೆಕ್ಕಿಕೊಳ್ಳುತ್ತಾ ಹೊರಗಿನ ಬೆಂಚಿನ ಮೇಲೆ ಕೂತಿದ್ದರು.

“ನಿಮ್ಮ ಜಮೀನು ಒತ್ತುವರಿ ಆಗ್ತಿದೆ ಸಾಬ್ರೇ. ಆ ಹೆಂಗಸು ಗೋಡೇನ ನಿಮ್ಮ ತೋಟದೊಳಗೆ ತರ್ತಿದ್ದಾಳೆ.”

“ನೋಡಿದೆ ಮೇಷ್ಟ್ರೇ. ಚೆನ್ನಾಗಿ ಕಟ್ತಾಳೆ.”

“ನೀವು ಬೇಡ ಅನ್ನಬೇಕು.”

“ಅಲ್ಲಾ ಮೇಷ್ಟ್ರೇ, ಆ ಜಾಗದಲ್ಲಿ ಒಬ್ಬ ಮನುಷ್ಯ ಮಲಗವ್ನೆ. ಅದರ ಮೇಲೆ ನಾನು ಸೊಪ್ಪು ಬೆಳೆದು ಹುಳಕ್ಕೆ ಹಾಕ್ಲಾ? ಕೊಟ್ಟಿದ್ದು ಕೊಟ್ಟಾಯ್ತು. ಅದನ್ನ ನಿಮ್ಮ ಕಡೆಗೆ ಸೇರಿಸ್ಕೊಂಡ್ರೆ ಜಾಗ ಜಾಸ್ತಿಯಾಗೋದು ನಿಮಗೇ ಅಲ್ವಾ? ಜಮೀನು ಕಳ್ಕೊಳ್ಳೋ ನಾನೇ ಸುಮ್ನಿದೀನಿ, ಜಮೀನು ಸಿಗೋ ನೀವು ಜಗಳ ಮಾಡ್ತೀರಲ್ಲ!” ಎಂದು ಸಾಹೇಬರು ನಕ್ಕರು. ಆಮೇಲೆ, “ಉಪವಾಸದಲ್ಲಿ ನಗಿಸಬೇಡಿ, ಗಂಟಲು ಒಣಗುತ್ತೆ,” ಎಂದರು.

ಮೇಷ್ಟ್ರಿಗೆ ಉಳಿದದ್ದು ಒಂದೇ ದಾರಿ. ಎಸ್ತೇರಮ್ಮನ ಪಾಲಿನ ಗೋಡೆಯನ್ನು ಮುಟ್ಟುವಂತಿಲ್ಲ, ಹಾಗೆಂದು ಪದ್ಧತಿ. ಆದರೆ ಹಳೆಯ ಗೋಡೆ ಇದ್ದ ನೇರದಲ್ಲಿ ಹೊಸದೊಂದು ಗೋಡೆ ಕಟ್ಟಬಾರದೆಂದು ಯಾರೂ ಹೇಳಿರಲಿಲ್ಲ. ಅರವತ್ತು ದಾಟಿದ ಮನುಷ್ಯ, ಪಂಚೆ ಎತ್ತಿಕಟ್ಟಿ ತಾವೇ ಮಣ್ಣಿಗಿಳಿದರು. ಅವರ ಹೆಂಡತಿ ಲೇಯಮ್ಮ ಬಾಯಿ ಬಿಡದೆ ನೀರು ಹೊತ್ತಳು.

ಆ ಚಂದವನ್ನು ಕೇಳಬೇಡಿ. ಸಂಜೆಯಾದರೆ ಹೊರಗಡೆ ಅವಳು ತುಳಿಯುವಳು, ಒಳಗಡೆ ಇವರು ತುಳಿಯುವರು, ನಡುವೆ ಗಿದ್ಯೋನ ಮಲಗಿರುವನು. ಅವಳ ಗೋಡೆ ಹೊರಗಿನಿಂದ ಅವನನ್ನು ಅಪ್ಪಿಕೊಳ್ಳುತ್ತಿತ್ತು, ಇವರ ಗೋಡೆ ಒಳಗಿನಿಂದ ಅವನನ್ನು ತಳ್ಳುತ್ತಿತ್ತು. ಹೀಗೇ ಹೋದರೆ ಅವನು ಒಳಗೂ ಅಲ್ಲ, ಹೊರಗೂ ಅಲ್ಲ, ಬಾಗಿಲಿಲ್ಲದ ಒಂದು ಕೋಣೆಯ ಪಾಲಾಗುತ್ತಿದ್ದ. ಒಂದು ಸಂಜೆ ಮೇಷ್ಟ್ರಿಗೆ ಕೆಮ್ಮು ಹತ್ತಿ ಸೊಂಟ ಹಿಡಿದುಕೊಂಡು ನಿಂತಾಗ, ಎಸ್ತೇರಮ್ಮ ಸಮಾಧಿಯನ್ನು ಬಳಸಿ ಬಂದು ನೀರಿನ ಚೊಂಬು ಚಾಚಿದಳು. ಮೇಷ್ಟ್ರು ಕುಡಿದರು. ಕುಡಿದು ಚೊಂಬು ಹಿಂದಿರುಗಿಸಿ, ಮತ್ತೆ ತುಳಿಯತೊಡಗಿದರು. ಅವಳೂ ತುಳಿಯತೊಡಗಿದಳು.

ಶುಭ ಶುಕ್ರವಾರ ಅಯ್ಯನವರು ಚಿಕ್ಕಬಳ್ಳಾಪುರದ ಬಸ್ಸಿಳಿದರು. ಅಷ್ಟರಲ್ಲಿ ಅವಳ ಗೋಡೆ ಎದೆಮಟ್ಟ, ಮೇಷ್ಟ್ರದು ಮೊಣಕಾಲುಮಟ್ಟ. ಆರಾಧನೆ ಮುಗಿದ ಮೇಲೆ ಅಯ್ಯನವರು ಎರಡನ್ನೂ ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು. ವಯಸ್ಸು ಚಿಕ್ಕದು, ಮನಸ್ಸು ಮೃದು, ಯಾರನ್ನೂ ನೋಯಿಸಲಾರರು.

“ಎಸ್ತೇರಮ್ಮಾ, ಈಸ್ಟರ್ ಕಳೀಲಿ. ಕಮಿಟಿ ಕೂಡಿಸಿ ನಿಧಾನವಾಗಿ ಮಾತಾಡೋಣ.”

“ಅಯ್ಯನವ್ರೇ, ಸ್ವಾಮಿ ಮೂರನೇ ದಿನ ಎದ್ದಿದ್ದು ಯಾವ ಕಮಿಟಿ ಕೇಳಿ?”

ಹೆಂಗಸರು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡರು. ಅಯ್ಯನವರ ಮುಖ ಕೆಂಪಾಯಿತು. “ನಾನು ಹೆಸರು ಕೂಗು ಅಂತಲೂ ಹೇಳಲಾರೆ, ಬೇಡ ಅಂತಲೂ ಹೇಳಲಾರೆ,” ಎಂದರು.

“ಕೂಗೋದು ನಾನು. ನೀವು ಏನೂ ಹೇಳೋದು ಬೇಡ.”

ಗೌರಿಬಿದನೂರಿಗೆ ಕೊಟ್ಟಿದ್ದ ಮಗಳು ಹಬ್ಬಕ್ಕೆ ಬಂದಿದ್ದಳು. “ಅಮ್ಮಾ, ನೀನು ಅಪ್ಪನ ಹೆಸರು ಹೇಗೆ ಕೂಗ್ತೀಯಾ? ಒಂದು ದಿನವೂ ಹೇಳ್ದೋಳಲ್ಲ. ನಾನು ಕೂಗ್ಲಾ?” ಎಂದು ಕೇಳಿದಳು.

“ಮನೆ ಹಿರಿಯರು ಕೂಗಬೇಕು. ನಾನಿನ್ನೂ ಸತ್ತಿಲ್ಲ.”

ಈಸ್ಟರ್ ನಸುಕಿನಲ್ಲಿ ಸಮಾಧಿ ತೋಟದ ತುಂಬ ದೀಪಗಳು. ಸುಣ್ಣ ಬಳಿದ ಸಮಾಧಿಗಳ ಮೇಲೆ ಕಣಗಿಲೆ ಹೂ. ಅಯ್ಯನವರು, “ಕ್ರಿಸ್ತನು ಎದ್ದಿದ್ದಾನೆ!” ಅಂದರು, “ನಿಜವಾಗಿಯೂ ಎದ್ದಿದ್ದಾನೆ!” ಅಂದಿತು ಸಭೆ. ಹೆಸರು ಕೂಗುವುದು ಶುರುವಾಯಿತು. ಒಂದೊಂದು ಹೆಸರಿಗೂ “ಏಳ್ತಾನೆ!”, “ಏಳ್ತಾಳೆ!” ಎಂಬ ಉತ್ತರ ಗೋಡೆಯಿಂದ ಗೋಡೆಗೆ ತಾಗುತ್ತಿತ್ತು. ಎಸ್ತೇರಮ್ಮ ಮೇಷ್ಟ್ರ ಮೊಣಕಾಲುಮಟ್ಟದ ಗೋಡೆಯಾಚೆ, ತಾನು ಕಟ್ಟಿದ ಹೊಟ್ಟೆಯೊಳಗೆ, ಗಂಡನ ತಲೆಯ ಹತ್ತಿರ ನಿಂತಿದ್ದಳು. ಅವಳ ಮನೆಯ ಸರದಿ ಬಂತು. ಮಾವನ ಹೆಸರು ಕೂಗಿದಳು, ಉತ್ತರ ಬಂತು. ಅತ್ತೆಯ ಹೆಸರು ಕೂಗಿದಳು, ಉತ್ತರ ಬಂತು. ಆಮೇಲೆ ದೀಪವನ್ನು ಎತ್ತಿ ಹಿಡಿದು, ಮದುವೆಯಾದಾಗಿನಿಂದ ತುಟಿಗೆ ತಾರದ ಹೆಸರನ್ನು ಕೂಗಿದಳು.

“ಗಿದ್ಯೋನ!”

ಗಂಡಸರು ನೆಲ ನೋಡಿದರು. ಹೆಂಗಸರು ಅವಳನ್ನು ನೋಡಿದರು. ಉತ್ತರ ಬರಲಿಲ್ಲ.

ಆಗ ಗೋಡೆಯಾಚೆ, ಹಿಪ್ಪುನೇರಳೆ ಗಿಡಗಳ ನಡುವಿನಿಂದ, ಒಡೆದ ಗಂಟಲಿನ ಒಂದು ದನಿ ಬಂತು. “ಏಳ್ತಾನೆ!”

ಮುನಿಗಂಗಪ್ಪ. ಸಭೆಯವನಲ್ಲ, ನಮ್ಮ ದೇವರವನೂ ಅಲ್ಲ.

“ಹೊರಗಿನೋರು ಉತ್ತರ ಕೊಡೋ ಹಾಗಿಲ್ಲ!” ಎಂದರು ಮೇಷ್ಟ್ರು.

“ಒಳಗಿನೋರು ಬಾಯಿ ಹೊಲ್ಕೊಂಡ್ರೆ ಹೊರಗಿನೋರೇ ಕೊಡಬೇಕು,” ಎಂದಳು ಎಸ್ತೇರಮ್ಮ. “ ಇವ್ರು ಸುಮ್ನಾದ್ರೆ ಕಲ್ಲುಗಳು ಕೂಗ್ತವೆ ಅಂತ ಸ್ವಾಮಿ ಅಂದಿಲ್ವಾ? ಅವ್ನು ಕಲ್ಲಿಗಿಂತ ಮೇಲಲ್ವಾ?”

“ನಾನು ಅನ್ನೋದಿಲ್ಲ ಕಣಮ್ಮಾ. ನನ್ನ ಬಾಯಲ್ಲಿ ಬರೋದಿಲ್ಲ.”

“ಅನ್ನಬೇಡಿ ಮೇಷ್ಟ್ರೇ,” ಎಂದಳು ಎಸ್ತೇರಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಎಲ್ಲರನ್ನೂ ಹೆದರಿಸಿದ್ದು. “ನೀವು ಅನ್ನದಿದ್ರೂ ಏಳ್ತಾನೆ. ಅದು ನಿಮ್ಮ ಕೈಲಿಲ್ಲ, ನನ್ನ ಕೈಲೂ ಇಲ್ಲ. ನನ್ನ ಕೈಲಿ ಇರೋದು ಕೂಗೋದು.” ಮತ್ತೆ ದೀಪ ಎತ್ತಿದಳು. “ಗಿದ್ಯೋನ!”

“ಏಳ್ತಾನೆ,” ಎಂದಿತು ಮೇಷ್ಟ್ರ ಪಕ್ಕದಿಂದಲೇ ಒಂದು ಸಣ್ಣ ದನಿ. ಲೇಯಮ್ಮ. ಶ್ರಮೆಗಳ ಕಾಲವೆಲ್ಲ ಬಾಯಿ ಬಿಡದೆ ಗಂಡನ ಗೋಡೆಗೆ ನೀರು ಹೊತ್ತವಳು. ಮೇಷ್ಟ್ರು ತಿರುಗಿ ನೋಡಿದರು. ಅವಳು ಗಂಡನ ಕಡೆ ತಿರುಗಲಿಲ್ಲ.

ಮೂರನೇ ಸಲ ಎಸ್ತೇರಮ್ಮ ಕೂಗಿದಾಗ ತೋಟಕ್ಕೆ ತೋಟವೇ ಉತ್ತರ ಕೊಟ್ಟಿತು. ಮರದ ಮೇಲಿನ ಕಾಗೆಗಳು ಎದ್ದವು. ಅಯ್ಯನವರ ದನಿಯೂ ಅದರಲ್ಲಿತ್ತೆಂದು ಹೇಳುತ್ತಾರೆ. ಮೇಷ್ಟ್ರದು ಇರಲಿಲ್ಲ.

ಬೆಳಕು ಹರಿದ ಮೇಲೆ ಎಸ್ತೇರಮ್ಮ ತನ್ನ ಗೋಡೆಗೆ ಒರಗಿ ಕೂತು, ಸೊಂಟದ ಸಂಚಿ ಬಿಚ್ಚಿ, ಎಲೆಗೆ ಸುಣ್ಣ ಹಚ್ಚಿದಳು. ಮೊದಲನೆಯದನ್ನು ಮಡಿಸಿ, ಅಲ್ಲೇ ನಿಂತಿದ್ದ ಮೇಷ್ಟ್ರ ಕಡೆ ಚಾಚಿದಳು. “ಶ್ರಮೆ ಕಾಲ ಮುಗೀತು ಮೇಷ್ಟ್ರೇ. ಹಾಕ್ಕೊಳಿ.” ಮೇಷ್ಟ್ರು ತೆಗೆದುಕೊಂಡರು. ತಿನ್ನಲಿಲ್ಲ, ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು.

ಮುಂದಿನ ವರ್ಷದ ಶ್ರಮೆಗಳ ಕಾಲಕ್ಕೆ ಮನೆಮನೆಯವರೂ ತಮ್ಮ ತಮ್ಮ ಪಾಲಿಗೆ ಮಣ್ಣು ಹಾಕಿದರು. ಎಸ್ತೇರಮ್ಮ ಹೊಟ್ಟೆಗೆ ಹಾಕಿದಳು. ಮೇಷ್ಟ್ರು ತಮ್ಮ ಮನೆಯ ಪಾಲಿಗೆ ಹಾಕುವಷ್ಟರಲ್ಲಿ ಸೊಂಟ ಹಿಡಿದುಕೊಂಡರು. ಆ ಮೊಣಕಾಲುಮಟ್ಟದ ಗೋಡೆ ಯಾರ ಪಾಲಿನದೂ ಆಗಿರಲಿಲ್ಲ. ಯಾರ ಪಾಲಿನದೂ ಅಲ್ಲದ ಗೋಡೆಗೆ ಯಾರೂ ಕೈ ಹಾಕುವಂತಿಲ್ಲ, ಪದ್ಧತಿ ಅದು. ಅರವತ್ತೊಂದರ ಹೊತ್ತಿಗೆ ಅದು ಎಮ್ಮೆ ಮಲಗಿದ ದಿಬ್ಬದಂತಾಯಿತು. ಈಸ್ಟರ್ ದಿನ ಮಕ್ಕಳು ಅದರ ಮೇಲೆ ನಿಂತು ದೀಪ ಹಿಡಿಯುತ್ತಿದ್ದರು.

“ಮೇಷ್ಟ್ರ ಗೋಡೆ ಒಂದೇ ಏಟಿಗೆ ಬಿದ್ದುಹೋಗುತ್ತೆ, ಒಡೆದು ಹಾಕಬಾರದಾ?” ಎಂದು ಮುನಿಗಂಗಪ್ಪ ಒಮ್ಮೆ ಕೇಳಿದ.

ಎಸ್ತೇರಮ್ಮ ಮಣ್ಣು ತುಳಿಯುತ್ತಿದ್ದಳು. ಬಾಯಲ್ಲಿ ಎಲೆ ಅಡಿಕೆ ಇರಲಿಲ್ಲವಾದ್ದರಿಂದ ಮಾತು ಖಾರವಾಗಿಯೇ ಬಂತು.

“ನಾನ್ಯಾಕೋ ಒಡೀಲಿ? ಮಳೆಗೂ ಒಂದು ಕೆಲ್ಸ ಬೇಡ್ವಾ? ನೀರು ಸುರಿ.”